ಅಪ್ಪ ನಿದ್ದೆಹೋದ ಭಾನುವಾರ

ನಾನು ಚಿಕ್ಕವಳಿದ್ದಾಗ, ಅಂದರೆ ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ, ಅಪ್ಪ ಮಲಗಿದ್ದನ್ನು ನೋಡಿದ್ದು ಬಹಳ ಕಡಿಮೆ. ನಾನು ಏಳುವ ಹೊತ್ತಿಗೆ ಅವರ ಚಾಪೆ ಸುರುಳಿ ಸುತ್ತಿ ಗೋಡೆಗೆ ಒರಗಿರುತ್ತಿತ್ತು. ನಾನು ಮಲಗುವಾಗ ಅವರಿನ್ನೂ ಮನೆಗೆ ಬಂದಿರುತ್ತಿರಲಿಲ್ಲ. ತೊಂಬತ್ತರ ದಶಕ ಅಂದ ಕೂಡಲೇ ಬೆರಳು ಮಡಚಿ ನನ್ನ ವಯಸ್ಸು ಲೆಕ್ಕ ಹಾಕಬೇಡಿ. ನನಗೂ ಬೇಗ ಮದುವೆಯಾಯಿತು, ನಿಮ್ಮಮ್ಮನಿಗೂ ಬೇಗ ಆಯಿತು, ಹಾಗಾಗಿ ತಲೆ ಹಣ್ಣಾಗುವ ಮೊದಲೇ ಅಜ್ಜಿ ಅನ್ನಿಸಿಕೊಂಡೆ. ಆದರೆ ಈ ಒಂದು ದಿನವನ್ನು ಹೇಳಲು ಕುಳಿತಾಗ ಮಾತ್ರ ನನಗೆ ನಿಜವಾಗಿಯೂ ಮುದುಕಿಯಷ್ಟು ಸುಸ್ತಾಗುತ್ತದೆ.

ಅಪ್ಪ ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರು. ಹಿರಿಯೂರಿನಲ್ಲಿ ಹೆಂಚಿನ ಪ್ರಾರ್ಥನೆ ಮನೆ, ಅದಕ್ಕೆ ಅಂಟಿಕೊಂಡ ಎರಡು ಕೋಣೆ ನಮ್ಮದು. ನಮ್ಮ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನವಿಲ್ಲ. ಬುದ್ಧಿ ಬಂದ ಮೇಲೆ ತಾನಾಗಿ ಬಂದು ಕೇಳಿದವರನ್ನು ಮಾತ್ರ ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಪ್ರಾರ್ಥನೆಯೂ ಹಾಗೆಯೇ, ಬರೆದಿಟ್ಟದ್ದನ್ನು ಓದುವುದಿಲ್ಲ. ಮೊಣಕಾಲೂರಿ, ಕಣ್ಣು ಮುಚ್ಚಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುವುದು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು ಮಾಡಬಹುದು. ಕೊನೆಗೆ ಪಾಸ್ಟರು ಆಮೆನ್ ಅನ್ನುವವರೆಗೆ ಯಾರೂ ಕಣ್ಣು ಬಿಡುವಂತಿಲ್ಲ, ಏಳುವಂತಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಸಭೆಯ ಹೆಂಗಸರು ಅಡುಗೆಗೆ ಅಕ್ಕಿ ತೆಗೆಯುವಾಗ ಒಂದೊಂದು ಹಿಡಿ ಬೇರೆ ಡಬ್ಬಿಗೆ ಹಾಕಿ ಭಾನುವಾರ ಪಾಸ್ಟರ ಮನೆಗೆ ತಂದು ಸುರಿಯುತ್ತಿದ್ದರು. ಇಪ್ಪತ್ತು ಮನೆಯ ಇಪ್ಪತ್ತು ಥರದ ಅಕ್ಕಿ ಒಂದೇ ಪಾತ್ರೆಯಲ್ಲಿ ಬೇಯುತ್ತಿತ್ತು. ಕೆಲವು ಅಗುಳು ಅಂಬಲಿಯಾಗಿರುತ್ತಿದ್ದವು, ಕೆಲವು ಹಲ್ಲಿಗೆ ಕಟುಕ್ ಅನ್ನುತ್ತಿದ್ದವು. ಎಲ್ಲಾ ಅಗುಳೂ ಒಂದೇ ಹದಕ್ಕೆ ಬೆಂದ ಅನ್ನವನ್ನು ನಾನು ಮೊದಲು ಕಂಡದ್ದು ಬೇರೆಯವರ ಮದುವೆಯಲ್ಲಿ. ಅಕ್ಕಿ ಕೊಟ್ಟವರಷ್ಟೇ ಅಪ್ಪನನ್ನು ಕರೆಯುತ್ತಿದ್ದರು ಅಂದುಕೊಳ್ಳಬೇಡಿ. ಊರಿನ ಯಾರಿಗೇ ಜ್ವರ ಬರಲಿ, ಆಸ್ಪತ್ರೆಯಲ್ಲಿ ಕೂರಲು ಜನ ಬೇಕಾಗಲಿ, ಕಚೇರಿಗೆ ಅರ್ಜಿ ಬರೆಯಬೇಕಾಗಲಿ, ಮೊದಲು ನಮ್ಮ ಬಾಗಿಲು ಬಡಿಯುತ್ತಿದ್ದರು. ಅಪ್ಪನಿಗೆ 'ಇಲ್ಲ' ಅನ್ನಲು ಬರುತ್ತಿರಲಿಲ್ಲ. ಅದೊಂದನ್ನು ಅವರಿಗೆ ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ.

ಆ ವಾರ ಬಬ್ಬೂರಿನ ಒಬ್ಬ ಕೂಲಿಯವನಿಗೆ ಹಾವು ಕಚ್ಚಿತ್ತು. ಅಪ್ಪ ಮೂರು ರಾತ್ರಿ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಿದ್ದರು. ಅವನು ಉಳಿದ. ನಾಲ್ಕನೆಯ ದಿನ ಸಭೆಯ ಒಬ್ಬ ಮುದುಕಿ ತೀರಿಕೊಂಡಳು. ಗುಂಡಿ ತೋಡಲು ಗಂಡಸರು ಸಾಲದೆ ಅಪ್ಪನೇ ಹಾರೆ ಹಿಡಿದಿದ್ದರು. ಶನಿವಾರ ಮನೆಗೆ ಬಂದಾಗ ಅಂಗೈಯಲ್ಲಿ ಬೊಬ್ಬೆ, ಕಣ್ಣು ಕೆಂಡ. ಊಟ ಮಾಡುತ್ತಲೇ ತೂಕಡಿಸಿದರು. ಹಾಗಿದ್ದರೂ ಮರುದಿನ ಆರಾಧನೆಯಾದ ಮೇಲೆ ಎರಡು ಹಳ್ಳಿಗೆ ಹೋಗಬೇಕಿತ್ತು.

ಯಾವಾಗಲೂ ಅವರ ಜೊತೆ ಹೋಗುತ್ತಿದ್ದುದು ಅಕ್ಕ. ಅವಳಿಗೆ ಸೋಮವಾರದಿಂದ ಪರೀಕ್ಷೆ, ಹಾಗಾಗಿ ನನ್ನನ್ನು ಹೊರಡಿಸಿದರು. ನನಗಾಗ ಹತ್ತು ವರ್ಷ. ಅವ್ವ ನನ್ನ ಜಡೆ ಬಿಗಿಯುತ್ತಾ ಕಿವಿಯಲ್ಲಿ ಹೇಳಿದಳು, "ಎಲ್ಲಾದ್ರೂ ಒಂದು ಕಡೆ ನಿಮ್ಮಪ್ಪನ ಒಂದು ಗಳಿಗೆ ಮಲಗಿಸು. ಯಾರು ಕರೆದ್ರೂ ಬಿಡಬ್ಯಾಡ. ಇದೊಂದು ನಿನ್ನ ಕೆಲಸ." ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವ್ವ ಅಳುವವಳಲ್ಲ, ಬೈಯುವವಳು. ಅದಕ್ಕೇ ನಾನು ಹೆದರಿದೆ. ಅಪ್ಪ ಹೀಗೇ ಓಡಾಡಿದರೆ ಸತ್ತೇಹೋಗುತ್ತಾರೆ ಎಂದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಆ ದಿನ ಹೋಗಬೇಕಿದ್ದ ಎರಡನೆಯ ಹಳ್ಳಿ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ. ಅಲ್ಲಿ ಒಬ್ಬ ಕುರಿ ಕಾಯುವ ಅಜ್ಜ ಇದ್ದ. ನಮ್ಮ ಸಭೆಯವನಲ್ಲ, ಹಣೆ ತುಂಬ ಅರಿಶಿನದ ಭಂಡಾರ ಬಳಿದುಕೊಳ್ಳುವವನು. ಒಮ್ಮೆ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲು ಕಾಣದೆ ಎಡವಿದವನನ್ನು ಅಪ್ಪ ಹಿಡಿದುಕೊಂಡಿದ್ದರು, ಅಲ್ಲಿಂದ ಗುರುತು. ಒಂದು ಕಣ್ಣಿಗೆ ಪೊರೆ ಬಂದು ಪೂರ್ತಿ ಮುಚ್ಚಿತ್ತು, ಇನ್ನೊಂದೂ ಮಂಜಾಗುತ್ತಿತ್ತು. ಅವನ ಮೂವತ್ತು ಕುರಿಗಳನ್ನು ಮಾರಿಬಿಡೋಣ ಎಂದು ಅಳಿಯ ಹಟ ಹಿಡಿದಿದ್ದ. ಸೋಮವಾರ ಬೆಳಗ್ಗೆ ಚಿತ್ರದುರ್ಗದಲ್ಲಿ ಪೊರೆ ತೆಗೆಯುವ ಕಣ್ಣಿನ ಶಿಬಿರ, ನಸುಕಿನಲ್ಲೇ ಚೀಟಿ ಪಡೆಯಬೇಕು. ಕಣ್ಣು ಬಂದರೆ ಕುರಿ ಉಳಿಯುತ್ತವೆ, ಇಲ್ಲದಿದ್ದರೆ ಮುಂದಿನ ಸಂತೆಗೆ ಹೊಡೆಯುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅಜ್ಜನಿಗೆ ಕಣ್ಣಿಗೆ ಕತ್ತಿ ಹಾಕುತ್ತಾರೆ ಅಂದರೆ ಭಯ. ಪಾದ್ರಿ ಅಯ್ನೋರು ಪಕ್ಕದಲ್ಲಿದ್ದರೆ ಮಾತ್ರ ಬರ್ತೀನಿ ಅಂದಿದ್ದನಂತೆ. ಅಪ್ಪ ಮಾತು ಕೊಟ್ಟಿದ್ದರು. ಸಂಜೆ ಆರರ ಒಳಗೆ ಬಿ.ದುರ್ಗ ಮುಟ್ಟಿ, ಅಲ್ಲಿಂದ ಕಡೆಯ ಬಸ್ಸಿಗೆ ಅಜ್ಜನನ್ನು ಹತ್ತಿಸಿಕೊಂಡು ಚಿತ್ರದುರ್ಗಕ್ಕೆ ಹೋಗಬೇಕು. ಇದಿಷ್ಟನ್ನೂ ಅಪ್ಪ ಬೆಳಗಿನ ಆರಾಧನೆ ಮುಗಿಸಿ ಬಸ್ಸು ಹತ್ತಿದ ಮೇಲೆ ನನಗೆ ಹೇಳಿದರು. ಹೇಳಿ, "ಮಾಡದಕೆರೇಲಿ ಪ್ರಾರ್ಥನೆ ಮುಗಿಸಿ ಮೂರು ಗಂಟೆ ಬಸ್ಸು ತಪ್ಪಬಾರ್ದು ಕಣವ್ವ, ನೆನಪು ಮಾಡು" ಅಂದರು. ನಾನು ಹೂಂ ಅಂದೆ. ಒಂದೇ ಬೆಳಗ್ಗೆ ಇಬ್ಬರಿಗೆ ಎರಡು ಮಾತು ಕೊಟ್ಟಿದ್ದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಬಸ್ಸಿನಲ್ಲಾದರೂ ಮಲಗುತ್ತಾರೆಂದುಕೊಂಡರೆ ಅದೂ ಆಗಲಿಲ್ಲ. ಪಕ್ಕದಲ್ಲಿ ಕೂತವನು ತನ್ನ ಅಣ್ಣತಮ್ಮಂದಿರ ಜಮೀನಿನ ಜಗಳವನ್ನು ಬಿಚ್ಚಿದ. ಅಪ್ಪ ಕಣ್ಣು ಎಳೆದೆಳೆದು ಬಿಡುತ್ತಾ ಕೇಳಿದರು. ನಾನು ಆ ಮನುಷ್ಯನನ್ನು ದುರುಗುಟ್ಟಿ ನೋಡಿದೆ. ಅವನು ನನಗೆ ಕಡಲೆಕಾಯಿ ಕೊಟ್ಟು ಮಾತು ಮುಂದುವರಿಸಿದ. ಕಡಲೆಕಾಯಿ ತಿಂದೆ, ಸಿಟ್ಟು ಮಾತ್ರ ಇಳಿಯಲಿಲ್ಲ.

ಮಾಡದಕೆರೆಯಲ್ಲಿ ಪ್ರಾರ್ಥನೆ ಸೇರುತ್ತಿದ್ದುದು ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಎಲ್ಲರೂ ಅವರನ್ನು ದೊಡ್ಡವ್ವ ಅನ್ನುತ್ತಿದ್ದರು. ನಡುಮನೆಯ ಒಂದು ಗೋಡೆಗೆ ಈರುಳ್ಳಿ ರಾಶಿ, ಇನ್ನೊಂದಕ್ಕೆ ರಾಗಿ ಮೂಟೆ. ಸಗಣಿ ಸಾರಿಸಿದ ನೆಲ ತಣ್ಣಗಿತ್ತು. ಹೊರಗೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಹದಿನೈದು ಜನ ಸೇರಿದ್ದರು, ಹೆಚ್ಚಿನವರು ಹೆಂಗಸರು. ವಾರವೆಲ್ಲ ಕಳೆ ಕಿತ್ತು, ಈರುಳ್ಳಿ ಕೊಯ್ದು ಸವೆದ ಕೈಗಳು. ದೊಡ್ಡವ್ವ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಊಟವಾದ ಮೇಲೆ ಅಪ್ಪ ಸತ್ಯವೇದದಿಂದ ಓದಿ ನಾಲ್ಕು ಮಾತು ಹೇಳಿದರು. ಆಮೇಲೆ ಎಲ್ಲರೂ ಮೊಣಕಾಲೂರಿದೆವು. ಅಪ್ಪ ರಾಗಿ ಮೂಟೆಯ ಮೇಲೆ ಮೊಣಕೈ ಊರಿ, ಮುಖವನ್ನು ಅಂಗೈಗಳಲ್ಲಿ ಇಟ್ಟುಕೊಂಡು ಪ್ರಾರ್ಥನೆ ಶುರು ಮಾಡಿದರು.

ಅವರು ಒಂದೊಂದೇ ಮನೆಯ ಕಷ್ಟವನ್ನು ಹೆಸರು ಹೇಳಿ ದೇವರ ಮುಂದೆ ಇಡುತ್ತಿದ್ದರು. ಮೂರನೆಯ ಮನೆಗೆ ಬರುವಾಗ ಮಾತು ನಿಧಾನವಾಯಿತು. ನಾಲ್ಕನೆಯದರ ನಡುವೆ ನಿಂತೇಹೋಯಿತು. ಎಲ್ಲರೂ ಕಾದರು. ಮನಸ್ಸು ತುಂಬಿ ಬಂದಾಗ ಅಪ್ಪ ಹಾಗೆ ಸುಮ್ಮನಾಗುವುದುಂಟು. ಆದರೆ ಈ ಸಲ ಆ ಸುಮ್ಮನಿರುವಿಕೆ ಉದ್ದವಾಗುತ್ತಾ ಹೋಯಿತು. ಹಿತ್ತಲಲ್ಲಿ ಕೋಳಿ ಕೆದಕುವ ಸದ್ದು ಕೂಡ ಕೇಳಿಸತೊಡಗಿತು. ನಾನು ಒಂದು ಕಣ್ಣನ್ನು ಒಂಚೂರು ತೆರೆದೆ. ಅಪ್ಪನ ಕೆನ್ನೆ ಮೂಟೆಗೆ ಒತ್ತಿಕೊಂಡಿತ್ತು. ಬಾಯಿ ಅರ್ಧ ತೆರೆದಿತ್ತು. ತುಟಿಯಿಂದ ಪುಸ್ ಪುಸ್ ಎಂದು ಗಾಳಿ ಬರುತ್ತಿತ್ತು. ಮೊಣಕಾಲ ಮೇಲೆಯೇ, ದೇವರ ಹತ್ತಿರ ಮಾತಾಡುತ್ತಲೇ, ಅಪ್ಪ ನಿದ್ದೆಹೋಗಿದ್ದರು.

ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ನೋಡಿದರೆ ದೊಡ್ಡವ್ವನ ಕಣ್ಣೂ ತೆರೆದಿತ್ತು. ಅವರು ಅಪ್ಪನನ್ನು ನೋಡಿ, ನನ್ನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಮತ್ತೆ ಕಣ್ಣು ಮುಚ್ಚಿ, ಕೂಸನ್ನು ತೂಗುವಾಗಿನ ದನಿಯಲ್ಲಿ, "ಸ್ವಾಮಿ, ಅಯ್ನೋರು ಬಾಳ ದಣಿದವ್ರೆ, ನಾವೇ ಒಸಿ ನಿನ್ನ ಜೊತೆ ಮಾತಾಡ್ತೀವಿ" ಎಂದು ಶುರು ಮಾಡಿದರು. ಎಲ್ಲರಿಗೂ ಅರ್ಥವಾಯಿತು. ಪಾಸ್ಟರು ಆಮೆನ್ ಅನ್ನದೆ ಪ್ರಾರ್ಥನೆ ಮುಗಿಯುವುದಿಲ್ಲ. ಪ್ರಾರ್ಥನೆ ಮುಗಿಯದಿದ್ದರೆ ಯಾರೂ ಅವರನ್ನು ಕರೆಯುವುದಿಲ್ಲ. ದೊಡ್ಡವ್ವ ನಿಲ್ಲಿಸಿದ ಕೂಡಲೇ ಪಕ್ಕದವಳು ಹಿಡಿದುಕೊಂಡಳು, ಅವಳಾದ ಮೇಲೆ ಅವಳ ಓರಗಿತ್ತಿ. ದಿನವೂ ಎರಡು ಸಾಲಿಗೆ ಮುಗಿಸುವವರು ಅಂದು ಎಮ್ಮೆಯ ಕೆಚ್ಚಲು ಬಾವಿನಿಂದ ಹಿಡಿದು ದೊಡ್ಡ ಊರಿನ ದೊರೆಗಳವರೆಗೆ ಎಲ್ಲರಿಗಾಗಿ ಬೇಡಿಕೊಂಡರು. ದನಿ ಮಾತ್ರ ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಅಷ್ಟು ಚೆಂದದ ಪ್ರಾರ್ಥನೆಯನ್ನು ನಾನು ಆಮೇಲೆ ಯಾವ ದೊಡ್ಡ ಚರ್ಚಿನಲ್ಲೂ ಕೇಳಲಿಲ್ಲ.

ಆದರೆ ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅಪ್ಪ ಯಾವಾಗಲೂ ಆ ಊರಿನಿಂದ ಹೊರಡುತ್ತಿದ್ದುದು ಐದರ ಬಸ್ಸಿಗೆ, ಹಾಗಾಗಿ ಯಾರಿಗೂ ಅವಸರವಿರಲಿಲ್ಲ. ಇವತ್ತು ಮೂರರ ಬಸ್ಸು ಎಂಬುದು ನನಗೊಬ್ಬಳಿಗೇ ಗೊತ್ತು. ಗೋಡೆಯ ಗಡಿಯಾರ ಮೂರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ನನ್ನ ಪಕ್ಕದವಳು ಮುಗಿಸಿದಳು, ಸರದಿ ನನ್ನದಾಯಿತು. ನಾನು ಅಲ್ಲಿಯವರೆಗೆ ಜನರ ಮುಂದೆ ಬಾಯಿಬಿಟ್ಟು ಪ್ರಾರ್ಥಿಸಿದವಳೇ ಅಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಶುರು ಮಾಡಿದೆ. ಅವ್ವನಿಗಾಗಿ, ಅಕ್ಕನ ಲೆಕ್ಕದ ಪರೀಕ್ಷೆಗಾಗಿ, ಹಾವು ಕಚ್ಚಿದವನಿಗಾಗಿ, ನಮ್ಮ ಕುಂಟು ಕೋಳಿಗಾಗಿ ಬೇಡಿಕೊಂಡೆ. ಕೆರೆ ಏರಿಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಪ್ಪನ ಭುಜ ಸ್ವಲ್ಪ ಅಲುಗಿತು. ಆಗ ನಾನು ದನಿ ಏರಿಸಿದೆ. ಪ್ರಾರ್ಥನೆಯ ಸದ್ದು ಅಪ್ಪನಿಗೆ ಜೋಗುಳವಿದ್ದ ಹಾಗೆ, ಅವರನ್ನು ಎಬ್ಬಿಸುವುದು ಬಸ್ಸಿನ ಸದ್ದೇ. ಹಾರನ್ ಅವರ ಕಿವಿಗೆ ಬೀಳಬಾರದು ಎಂದು ದೇವರ ಹೆಸರನ್ನೇ ಗಟ್ಟಿಯಾಗಿ ಕೂಗಿ ಕೂಗಿ ಹೇಳಿದೆ. ಹುಡುಗಿಗೆ ಎಷ್ಟು ಭಕ್ತಿ ಎಂದು ಯಾರೋ ಹಿಂದಿನಿಂದ ನಿಟ್ಟುಸಿರು ಬಿಟ್ಟರು. ಬಸ್ಸು ಬಂದು, ನಿಂತು, ಹೊರಟುಹೋಯಿತು. ಅಪ್ಪ ಮತ್ತೆ ಮೂಟೆಗೆ ಕೆನ್ನೆ ಒತ್ತಿದರು. ನನಗಾದ ಸಂತೋಷ ಹೇಳತೀರದು. ಅವ್ವನ ಮಾತು ಉಳಿಸಿದ್ದೆನಲ್ಲ!

ಅಪ್ಪ ಎದ್ದಾಗ ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ಸುತ್ತ ಇನ್ನೂ ಎಲ್ಲರೂ ಮೊಣಕಾಲ ಮೇಲೇ ಇದ್ದರು. ಅಪ್ಪ ಗಡಿಬಿಡಿಯಲ್ಲಿ ಆಮೆನ್ ಅಂದರು. ಎದುರು ಗೋಡೆ ನೋಡಿದರು. ಬಸ್ಸು ಹೋಯಿತೇ ಎಂದು ಕೇಳಿದರು. ವಿಷಯ ತಿಳಿದ ಮೇಲೆ ದೊಡ್ಡವ್ವ ಹಣೆ ಚಚ್ಚಿಕೊಂಡರು. ಐದರ ಬಸ್ಸಿಗೆ ಕಾದರೆ ಹೊತ್ತಾಗುತ್ತದೆ ಎಂದು ಅಪ್ಪ ನನ್ನ ಕೈ ಹಿಡಿದು ಬಿಸಿಲಿಗೆ ಇಳಿದೇಬಿಟ್ಟರು.

ದೊಡ್ಡ ರಸ್ತೆಯವರೆಗೆ ನಡೆದೆವು. ರಸ್ತೆ ಕಾದ ಹಂಚಾಗಿತ್ತು. ಅಪ್ಪ ಓಡುವುದೂ ಅಲ್ಲ, ನಡೆಯುವುದೂ ಅಲ್ಲ, ಅಂಥದ್ದೊಂದು ನಡಿಗೆ. ಹೊಸದುರ್ಗದವರೆಗೆ ಒಂದು ಟ್ರ್ಯಾಕ್ಟರ್, ಅಲ್ಲಿಂದ ಹೊಳಲ್ಕೆರೆಗೆ ಅದಿರಿನ ಲಾರಿ. ನಮ್ಮಿಬ್ಬರ ಬಟ್ಟೆ, ಹುಬ್ಬು, ತುಟಿ ಎಲ್ಲ ಕೆಂಪು ಧೂಳಾಯಿತು. ಹೊಳಲ್ಕೆರೆಯಿಂದ ಟೆಂಪೊ ಹಿಡಿದು ಬಿ.ದುರ್ಗದಲ್ಲಿ ಇಳಿದಾಗ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಕಡೆಯ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.

ನಿಲ್ದಾಣದ ಕಲ್ಲಿನ ಮೇಲೆ ಅಜ್ಜ ಕೂತಿದ್ದ. ಹೊಸದಾಗಿ ಒಗೆದ ಪಂಚೆ, ಮಡಚಿದ ಕಂಬಳಿ, ಬುತ್ತಿ ಗಂಟು. ಮಧ್ಯಾಹ್ನ ನಾಲ್ಕಕ್ಕೇ ಬಂದು ಕೂತವನಂತೆ. ನಮ್ಮ ಕಡೆ ಮುಖ ತಿರುಗಿಸಿ, "ಅಯ್ನೋರೇನ?" ಅಂದ. ಅಪ್ಪ ಅವನ ಕೈ ಹಿಡಿದುಕೊಂಡು, ತಪ್ಪು ತನ್ನದೇ, ಪ್ರಾರ್ಥನೆಯಲ್ಲಿ ನಿದ್ದೆ ಹತ್ತಿಬಿಟ್ಟಿತು ಅಂದರು. ಅಪ್ಪ ಅಷ್ಟು ಸಣ್ಣವರಾಗಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. ಬಸ್ಸಿನ ಹಾರನ್ ಕೇಳಿಸಿದ್ದು, ಅದನ್ನು ಮುಚ್ಚಲು ನಾನು ಕೂಗಿ ಪ್ರಾರ್ಥನೆ ಮಾಡಿದ್ದು, ಎಲ್ಲವನ್ನೂ ಅಳುತ್ತಾ ಹೇಳಿಬಿಟ್ಟೆ. ಅಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ಅಜ್ಜ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದ. ಅವನಿಗೆ ಸಿಟ್ಟು ಬಂದಿತ್ತು, ಅದು ಅವನ ಉಸಿರಿನಲ್ಲೇ ತಿಳಿಯುತ್ತಿತ್ತು. ಆಮೇಲೆ, ಎಷ್ಟು ದಿನದಿಂದ ಮಲಗಿಲ್ಲ ಎಂದು ಕೇಳಿದ. ಅಪ್ಪನ ಬದಲು ನಾನು ಹೇಳಿದೆ. ಅಜ್ಜ ಕಂಬಳಿಯನ್ನು ಕಲ್ಲಿನ ಮೇಲೆ ಬಿಡಿಸಿ ಹಾಸಿದ.

"ಕುಂತ್ಕಳ್ರಿ" ಅಂದ. "ನಾವು ಕುರಿ ಕೂಡಿ ಹಟ್ಟಿ ಹಾಕಿದಾಗ ಇರುಳೆಲ್ಲ ಪಾಳಿ ಐತೆ. ಒಬ್ಬ ಮಲಗ್ತಾನೆ, ಒಬ್ಬ ಎದ್ದಿರ್ತಾನೆ. ಒಬ್ನೇ ಕಾಯ್ತೀನಿ ಅಂದೋನು ಒಂದಿನ ತೋಳಕ್ಕೆ ಕುರಿ ಕೊಟ್ಟೇ ಕೊಡ್ತಾನೆ. ನಿಮ್ಮ ಪಾಳಿಗೆ ಯಾರೈದಾರೆ ಅಯ್ನೋರೆ?"

ಹದಿನೆಂಟು ವರ್ಷ ಬೋಧನೆ ಮಾಡಿದವರು ಆ ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅಂದು ಅಜ್ಜನ ಮನೆಯ ಜಗಲಿಯಲ್ಲೇ ಮಲಗಿದೆವು. ನನಗೆ ಹೊದಿಸುತ್ತಾ ಅಪ್ಪ ಮೆಲ್ಲಗೆ, "ನೀನು ಹೇಳಿದ್ರೆ ನಾನು ಎದ್ದು ಬರ್ತಿದ್ದೆ ಕಣವ್ವ" ಅಂದರು.

"ಅದಕ್ಕೇ ಹೇಳ್ಲಿಲ್ಲ" ಅಂದೆ.

ಮರುದಿನ ಮೊದಲ ಬಸ್ಸಿಗೇ ಅಜ್ಜನನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಹೋದೆವು. ಅಷ್ಟರಲ್ಲಿ ಚೀಟಿ ಕೊಡುವುದು ಮುಗಿದಿತ್ತು. ಅಪ್ಪ ಎಷ್ಟು ಬೇಡಿಕೊಂಡರೂ, ಮಳೆಗಾಲ ಕಳೆದ ಮೇಲೆ ಇನ್ನೊಂದು ಶಿಬಿರವಿದೆ, ಆಗ ಬನ್ನಿ ಅಂದರು ಶಿಬಿರದವರು. ಮುಂದಿನ ಸಂತೆಯಲ್ಲಿ ಕುರಿಗಳು ಮಾರಿಹೋದವು. ಮಳೆಗಾಲದ ನಂತರ ಅಜ್ಜನಿಗೆ ಶಸ್ತ್ರಚಿಕಿತ್ಸೆಯಾಗಿ ಕಣ್ಣು ಬಂತು, ಅಪ್ಪ ಪಕ್ಕದಲ್ಲೇ ಇದ್ದರು. ದಪ್ಪ ಕನ್ನಡಕ ಹಾಕಿಕೊಂಡು ಮೊದಲ ಸಲ ಅಪ್ಪನನ್ನು ನಿಚ್ಚಳವಾಗಿ ನೋಡಿದಾಗ, "ಇಷ್ಟು ಸಣಕಲಿದೀರ ನೀವು" ಎಂದು ನಕ್ಕನಂತೆ. ಆದರೆ ರಸ್ತೆಯಲ್ಲಿ ಯಾರದಾದರೂ ಕುರಿಮಂದೆ ಹೋದರೆ ಅವನು ಎದ್ದು ನಿಂತು ಒಂದೊಂದರ ಮುಖವನ್ನೂ ನೋಡುತ್ತಿದ್ದ. ಅದನ್ನು ನಾನೇ ಒಮ್ಮೆ ಕಂಡೆ. ಕಂಡು, ಬಸ್ಸಿನ ಕಿಟಕಿಯಿಂದ ಮುಖ ಒಳಗೆ ಎಳೆದುಕೊಂಡೆ.

ಅಪ್ಪ ಬದಲಾದರು ಅಂತ ಹೇಳಿದರೆ ನಿಮಗೆ ಸಮಾಧಾನವಾಗುತ್ತಿತ್ತು. ಬದಲಾಗಲಿಲ್ಲ. ಆಸ್ಪತ್ರೆಯ ರಾತ್ರಿಗಳಿಗೆ ಬಬ್ಬೂರಿನವರು ಒಬ್ಬೊಬ್ಬರಾಗಿ ಪಾಳಿಗೆ ಬರತೊಡಗಿದರು, ದೊಡ್ಡವ್ವನೂ ಒಂದೆರಡು ಸಲ ಬಂದರು. ಆಗಲೂ ಅಪ್ಪ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿ ಬಾಗಿಲ ಕಡೆ ಕಿವಿ ಕೊಟ್ಟಿರುತ್ತಿದ್ದರು. ಅವ್ವ ಬೈಯುತ್ತಲೇ ಇದ್ದಳು.

ಈಗ ನಿಮ್ಮ ಕಾಲ. ಅಜ್ಜ ಕಲ್ಲಿನ ಮೇಲೆ ಮೂರು ತಾಸು ಕೂರಬೇಕಾಗಿಲ್ಲ, ಫೋನು ಮಾಡಿದರೆ ಎಲ್ಲಿದ್ದೀರಿ ಎಂದು ತಿಳಿಯುತ್ತದೆ. ಕಣ್ಣಿನ ಆಸ್ಪತ್ರೆಯ ವ್ಯಾನು ಊರೊಳಗೇ ಬರುತ್ತದೆ. ಯಾರಿಗಾದರೂ ಹುಷಾರಿಲ್ಲ ಅಂದರೆ ನೀವು ಫೋನಿನಲ್ಲಿ ಕೈಮುಗಿಯುವ ಚಿತ್ರ ಕಳಿಸುತ್ತೀರಿ, ಅದರ ಕೆಳಗೆ ಇನ್ನೂ ನಲವತ್ತು ಜನ ಅದೇ ಚಿತ್ರ ಕಳಿಸುತ್ತಾರೆ. ನಾನು ನಗುವುದಿಲ್ಲ, ಅಂದು ದೊಡ್ಡವ್ವನ ಮನೆಯಲ್ಲಿ ನಾವು ಮಾಡಿದ್ದೂ ಅದೇ.

ಮೊನ್ನೆ ಇದನ್ನು ಅಷ್ಟಿಷ್ಟು ಹೇಳಿದಾಗ ನಿಮ್ಮಲ್ಲೊಬ್ಬಳು ಕೇಳಿದಳಲ್ಲ, ಅಜ್ಜೀ, ನೀನು ನಿಮ್ಮಪ್ಪನನ್ನು ಎಬ್ಬಿಸಬೇಕಿತ್ತಾ ಬೇಡವಾ ಎಂದು. ಮೂವತ್ತು ವರ್ಷ ನಾನೂ ಅದನ್ನೇ ಕೇಳಿಕೊಂಡೆ. ಕೇಳಬೇಕಾದದ್ದು ಅದಲ್ಲ ಎಂದು ಬಹಳ ತಡವಾಗಿ ತಿಳಿಯಿತು. ಆ ನಡುಮನೆಯಲ್ಲಿ ನಾವು ಹದಿನೈದು ಜನ ಎಚ್ಚರವಾಗಿದ್ದೆವು. ಅಪ್ಪನನ್ನು ಮಲಗಲು ಬಿಟ್ಟು, ಬಸ್ಸಿನ ವಿಷಯವನ್ನು ನಾನು ದೊಡ್ಡವ್ವನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಯಾರಾದರೊಬ್ಬರು ಎದ್ದು ಆ ಬಸ್ಸು ಹತ್ತಿ, ಅಯ್ನೋರು ಬೆಳಗ್ಗೆ ಬಂದು ಸೇರ್ತಾರೆ ಎಂದು ಹೇಳಿ ಅಜ್ಜನ ಕೈ ಹಿಡಿಯಬಹುದಿತ್ತು.